ಬಿಸಿಲಿಗೂ ಬಿಡದ ಹಳದಿ

ಮೂರು ದಿನ ಬಾಲ್ಕನಿಯ ಬಿಸಿಲಿಗಿಟ್ಟರೂ ಅಲೈನರಿನ ಹಳದಿ ಒಂದಿಷ್ಟೂ ಬಿಡಲಿಲ್ಲ. ಸುಲಭಾ ಅದನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಹಲ್ಲಿಗೆ ತೊಟ್ಟು ಎರಡು ವಾರಕ್ಕೊಮ್ಮೆ ಬದಲಿಸುವ, ಗಾಜಿನಂತೆ ತಿಳಿಯಾಗಿರಬೇಕಾದ ಪ್ಲಾಸ್ಟಿಕ್ ಅಚ್ಚು ಅದು. ಐವತ್ತು ದಾಟಿದ ಮೇಲೆ ಹಲ್ಲು ಸಾಲಿಗೆ ತರಿಸುವ ಹುಕಿ ಯಾಕೆ ಎಂದು ಗಂಡ ದೇವಾನಂದ ಮೊದಲೇ ನಕ್ಕಿದ್ದ. ಏನು ತಿನ್ನುವುದಿದ್ದರೂ ತೆಗೆದಿಡಿ ಎಂದಿದ್ದರು ಡಾಕ್ಟರು. ಅರಿಶಿಣವನ್ನು ನಾಲಿಗೆಗೆ ಹಚ್ಚಿ ನೋಡುವುದು ತಿಂದಂತಲ್ಲ ಎಂದು ಸುಲಭಾ ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡಿದ್ದಳು. ಹದಿನೈದು ವರ್ಷದಿಂದ ಕೊಂಢವಾ ಬಡಾವಣೆಯ ಮನೆಯಲ್ಲೇ ಮಸಾಲೆ ಪುಡಿ ಮಾಡಿ ಮಾರುವವಳು ನಾಲಿಗೆಯನ್ನಲ್ಲದೆ ಇನ್ನೇನು ನಂಬಬೇಕು?

“ಕುದಿಯೋ ನೀರಾಗ ಹಾಕು, ಬಿಡ್ತದ,” ಎಂದ ದೇವಾನಂದ, ಪೇಪರಿನಿಂದ ತಲೆ ಎತ್ತದೆ.

“ಸೊಟ್ಟ ಆಗ್ತದಂತ್ರಿ. ತಣ್ಣೀರು, ಸಾಬೂನು, ಮೆತ್ತನ ಬ್ರಷ್, ಎಲ್ಲಾ ಆತು.”

“ಹೋಗ್ಲಿ ಬಿಡು. ಹೊಸಾದು ಬಾಯಾಗ ಅದ ಅಲ್ಲ?”

ಅವಳ ಚಿಂತೆ ಹಲ್ಲಿನದಾಗಿರಲಿಲ್ಲ. ಅರಿಶಿಣದ ಕಲೆ ಬಿಸಿಲಿಗೆ ನಿಲ್ಲುವುದಿಲ್ಲ ಎಂಬುದು ಬಟ್ಟೆ ಒಗೆದು ಒಣಹಾಕುವ ಯಾರಿಗಾದರೂ ಗೊತ್ತು. ಇದಕ್ಕೂ ಹಿಂದಿನ ಅಚ್ಚಿನ ಹಳದಿ ಒಂದೇ ಹಗಲಿಗೆ ಹೋಗಿತ್ತು. ಆಗ ಅವಳು ರುಚಿ ನೋಡಿದ್ದು ತಾನೇ ನಿಂತು ಬೀಸಿಸಿದ ಅರಿಶಿಣ ಕೊಂಬಿನ ಪುಡಿ. ಈ ಸಲ ಗಿರಣಿ ಕೆಟ್ಟು ಕೂತಿತ್ತು, ಗಿರಾಕಿಗಳು ಅವಸರ ಮಾಡುತ್ತಿದ್ದರು. ಮಾರ್ಕೆಟ್ ಯಾರ್ಡಿಗೆ ಹೋದಾಗ ಸಿಕ್ಕ ಹೊಸ ದಲಾಲನೊಬ್ಬ ಸಿದ್ಧ ಪುಡಿ ತೋರಿಸಿದ. ನಾಲಿಗೆಗೆ ಹಚ್ಚಿಕೊಂಡು, ಕಹಿ ಸರಿಯಿದೆ ಎಂದು ಹತ್ತು ಕಿಲೋ ತಂದುಬಿಟ್ಟಿದ್ದಳು. ಪೊಟ್ಟಣಗಳ ಮೇಲೆ ‘ಮನೆಯವರೇ ನಿಂತು ಬೀಸಿಸಿದ್ದು’ ಎಂಬ ಚೀಟಿಯನ್ನೂ ಎಂದಿನಂತೆ ಅಂಟಿಸಿದ್ದಳು.

“ಏನ್ರೀ, ಆ ಪುಡಿಯೊಳಗ ಬಣ್ಣ ಬೆರಸ್ಯಾರ.”

ದೇವಾನಂದ ಪೇಪರ್ ಮಡಿಚಿದ. “ಯಾರಿಗೆ ಗೊತ್ತಾಗ್ತದ? ಉಳಿದದ್ದು ಚೆಲ್ಲು, ಸುಮ್ಮನಿರು. ಬಾಯಿ ಬಿಟ್ಟಿ ಅಂದ್ರ ನಾಳಿಂದ ಒಬ್ರೂ ನಮ್ಮ ಬಾಗಿಲಿಗೆ ಬರಂಗಿಲ್ಲ.”

“ಮೂವತ್ತು ಮನಿಗೆ ಕೊಟ್ಟೀನ್ರಿ.”

ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಅವಳಿಗೆ ಹೆದರಿಕೆ. ಹದಿನೈದು ವರ್ಷ ಮನೆ ನಡೆದದ್ದೇ ಆ ಚೀಟಿಯ ಮೇಲಿನ ನಂಬಿಕೆಯಿಂದ. ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿದಳು. ಪಕ್ಕದ ಬಿಲ್ಡಿಂಗಿನ ಅಪೂರ್ವಳ ಹೆಸರಿನ ಮೇಲೆ ಬೆರಳು ನಿಂತಿತು. ಬೆಂಗಳೂರಿನಿಂದ ಬಂದ ಹುಡುಗಿ. ಅಡುಗೆಗೂ ಎರಡು ವರ್ಷದ ಮಗುವಿನ ಕೆಮ್ಮಿಗೆ ಹಾಲಿನಲ್ಲಿ ಕಲಸುವುದಕ್ಕೂ ಎಂದು ಹೋದ ವಾರವಷ್ಟೇ ಅರ್ಧ ಕಿಲೋ ಒಯ್ದಿದ್ದಳು. ಸುಲಭಾ ಮೊದಲು ಅವಳಿಗೇ ಫೋನು ಹಚ್ಚಿದಳು.

“ಆಂಟಿ, ನೂರು ವರ್ಷ ಆಯಸ್ಸು ನಿಮಗೆ, ಈಗಷ್ಟೇ ನೆನೆಸ್ಕೊಂಡೆ,” ಎಂದಳು ಅಪೂರ್ವ. “ಈ ಸಲ ಅರಿಶಿನ ಏನು ಕಲರ್ ಗೊತ್ತಾ, ಒಂದು ಚಿಟಿಕೆ ಹಾಕಿದ್ರೆ ಲೋಟದ ಹಾಲೆಲ್ಲಾ ಹಳದಿ. ಅಂಗಡೀದು ನಂಬೋಕಾಗಲ್ಲ ಅಂತ ಪಾಪುಗೆ ನಿಮ್ದೇ ಕೊಡೋದು. ಈಗ್ಲೂ ಅದೇ ಕಲಸ್ತಾ ಇದೀನಿ. ಹೇಳಿ ಆಂಟಿ.”

ದೇವಾನಂದ ಎದುರಿಗೆ ಬಂದು ನಿಂತು ಬೇಡ ಬೇಡವೆಂದು ಕೈಯಾಡಿಸುತ್ತಿದ್ದ. ಸುಲಭಾ ಅವನಿಗೆ ಬೆನ್ನು ಮಾಡಿ ನಿಂತಳು.

“ಮೊದಲ ಆ ಹಾಲು ಚೆಲ್ಲವಾ,” ಎಂದಳು. “ಆಮ್ಯಾಲೆ ನನಗ ಎಷ್ಟು ಬೈತಿ, ಬೈ.”