ಮೂರು ದಿನದ ಚಾಪೆ

ತಿಂಗಳಿಗೆ ಮೂರು ದಿನ ಅವಳು ಹಿತ್ತಿಲ ಜಗುಲಿಯಲ್ಲಿ ಚಾಪೆ ಹಾಸಿಕೊಂಡು ಹೊರಗೆ ಕೂರುತ್ತಿದ್ದಳು. ಅಡುಗೆಮನೆಗೆ ಕಾಲಿಡುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ತೀರಿಹೋದ ಅತ್ತೆ ಹಾಕಿದ್ದ ಕಟ್ಟಳೆ. ಗಂಡ ಗೊಣಗುತ್ತಲೇ ಅನ್ನ, ಸಾರು ಬೇಯಿಸಿ ತಟ್ಟೆಯನ್ನು ಅವಳ ಮುಂದಕ್ಕೆ ಜರುಗಿಸುತ್ತಿದ್ದ. ಉಳಿದ ದಿನಗಳಲ್ಲಿ ಪೇಪರಿನ ತಲೆಬರಹ ನೋಡಲೂ ಪುರುಸೊತ್ತಿಲ್ಲದವಳು ಆ ಮೂರು ದಿನದಲ್ಲಿ ಇಡೀ ಒಂದು ಕಾದಂಬರಿ ಓದಿ ಮುಗಿಸುತ್ತಿದ್ದಳು.

ಅಂದು ಸಂಜೆ ಗಂಡ ಯಾವುದೋ ಭಾಷಣ ಕೇಳಿ ಬಂದು ಚಾಪೆಯೆದುರು ನಿಂತ.

“ಇನ್ಮೇಲೆ ನಮ್ಮನೇಲಿ ಈ ಮುಟ್ಟು ಮೈಲಿಗೆ ಎಲ್ಲಾ ಬೇಡ ಕಣೇ. ಇಷ್ಟು ವರ್ಷ ನಿನ್ನ ಹೀಗೆ ದೂರ ಕೂರಿಸಿದ್ದು ನನ್ನದೇ ತಪ್ಪು.”

“ಅತ್ತೆ ನಡೆಸ್ಕೊಂಡು ಬಂದಿದ್ದು ರೀ. ಒಳಗೆ ದೇವರಮನೆ ಬೇರೆ ಇದೆ.”

“ದೇವರಿಗೇನೂ ಆಗಲ್ಲ. ಏಳು, ಹೆದರ್ಬೇಡ.”

“ನಂಗೇನೂ ಬೇಜಾರಿಲ್ಲ. ಇರ್ಲಿ ಬಿಡಿ.”

“ಅಭ್ಯಾಸ ಆಗೋಗಿದೆ ನಿಂಗೆ, ಅದಕ್ಕೇ ಹಾಗಂತೀಯ,” ಎಂದ. ಅವನ ಕಣ್ಣು ತೇವವಾಗಿತ್ತು.

ಕೈಹಿಡಿದು ಎಬ್ಬಿಸಿ, ಅಡುಗೆಮನೆಗೆ ಕರೆದುಕೊಂಡು ಹೋದ. ಸಿಂಕಿನ ತುಂಬ ಪಾತ್ರೆಗಳಿದ್ದವು.

“ಮೊದಲು ಒಂದ್ ಲೋಟ ಕಾಫಿ ಮಾಡು.”

ಅವಳು ಒಲೆಯ ಮೇಲೆ ಹಾಲಿಟ್ಟಳು. ತನ್ನ ಮುಟ್ಟು ನಿಂತು ಎರಡು ವರ್ಷವಾಗಿದ್ದನ್ನು ಇನ್ನು ಬಚ್ಚಿಡಬೇಕಾಗಿರಲಿಲ್ಲ.