ಹೆಸರಿಗೊಂದು ಜಗಲಿ

ಬಿಲ್ಡರ್ ಎದ್ದು ಬಂದು, ಮೇಜಿನ ಮೇಲಿದ್ದ ರಟ್ಟಿನ ಮಾದರಿ ಕಟ್ಟಡದ ಮೇಲರ್ಧವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ. ನಡುವೆ ಗೋಡೆಗಳೇ ಇಲ್ಲದ ಒಂದು ಮಹಡಿ ಕಾಣಿಸಿತು. ಅದನ್ನು ಎರಡು ಬೆರಳಲ್ಲಿ ಕಿತ್ತು ತೆಗೆದು, ಮೇಲರ್ಧವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದ. ಟಕ್ ಎಂದು ಕೂತಿತು. ಕಟ್ಟಡ ಏನನ್ನಾದರೂ ಕಳೆದುಕೊಂಡಿದೆ ಎಂದು ಯಾರೂ ಹೇಳುವಂತಿರಲಿಲ್ಲ.

“ಈಗ ನೋಡಿ ಸರ್, ಎಷ್ಟು ಲಕ್ಷಣವಾಗಿದೆ! ಆ ಮಹಡೀಲೂ ನಾಲ್ಕು ಮನೆ ಮಾಡಿಬಿಡೋಣ.”

ವಾಸ್ತುಶಿಲ್ಪಿಗೆ ಆಶ್ಚರ್ಯವಾಗಲಿಲ್ಲ, ಸುಸ್ತಾಯಿತು. ಕೆಲವು ವರ್ಷಗಳಿಂದ ಪ್ರತಿ ಕಟ್ಟಡದ ನಕ್ಷೆಯಲ್ಲೂ ಆತ ಈ ಖಾಲಿ ಮಹಡಿಯನ್ನು ತೂರಿಸುತ್ತ ಬಂದಿದ್ದ. ಒಂದು ಕಡೆ ಅದು ಜಿಮ್ ಆಯಿತು, ಇನ್ನೊಂದು ಕಡೆ ಕಾರು ನಿಲ್ಲಿಸುವ ಜಾಗವಾಯಿತು, ಮತ್ತೊಂದು ಕಡೆ ನೀರಿನ ಟ್ಯಾಂಕು ಬಂದು ಕೂತಿತು. ಕೂರಬೇಕಾದ ಮನುಷ್ಯರು ಮಾತ್ರ ಎಲ್ಲೂ ಕೂರಲಿಲ್ಲ. ಆದರೂ ಹಳೆಯ ಛಲಕ್ಕೆ ಇನ್ನೊಮ್ಮೆ ಬಾಯಿ ತೆರೆದ.

“ಅದು ಜಗಲಿ ಮಹಡಿ. ಕೆಳಗಿನವರು ಹತ್ತಿ ಬರ್ತಾರೆ, ಮೇಲಿನವರು ಇಳಿದು ಬರ್ತಾರೆ. ಕೂತು ನಾಲ್ಕು ಮಾತಾಡಿ ಹೋಗ್ತಾರೆ. ಇಷ್ಟೊಂದು ಜನ ಒಂದೇ ಸೂರಿನ ಕೆಳಗಿದ್ದು ಒಬ್ಬರ ಮುಖ ಒಬ್ಬರು ನೋಡದಿದ್ರೆ ಹೇಗೆ?”

“ನಿಮ್ಮ ಮೇಲೆ ಗೌರವ ಇದೆ ಸರ್. ಆದ್ರೆ ಗಾಳಿಗೆ ಗಿರಾಕಿ ಇಲ್ಲ.” ಬಿಲ್ಡರ್ ಚಹಾದ ಲೋಟವನ್ನು, ಇಡಲು ಬೇರೆ ಜಾಗ ಕಾಣದೆ, ಕಿತ್ತ ಮಹಡಿಯ ಮೇಲೆಯೇ ಇಟ್ಟ. “ಏನಂದ್ರಿ ಅದಕ್ಕೆ? ಜಗಲಿ... ಜಗಲಿ...” ಎಂದು ಬಾಯಲ್ಲಿ ಹೊರಳಿಸಿ ರುಚಿ ನೋಡಿದ. “ಹೆಸರು ಮಾತ್ರ ಭರ್ಜರಿ ಕಣ್ರಿ! ಇಡೀ ಬಿಲ್ಡಿಂಗಿಗೇ ‘ಜಗಲಿ’ ಅಂತ ಇಟ್ಟುಬಿಡೋಣ. ಜನ ಮುಗಿಬಿದ್ದು ಬರ್ತಾರೆ.”

ತಿದ್ದಿದ ನಕ್ಷೆಯನ್ನು ಬಿಲ್ಡರ್ ಮೊದಲೇ ಮಾಡಿಸಿಟ್ಟಿದ್ದ. ಒಲ್ಲೆ ಎಂದರೂ ಬೇಜಾರಿಲ್ಲ, ಹೊರಗೆ ಇನ್ನೊಬ್ಬ ವಾಸ್ತುಶಿಲ್ಪಿ ಕಾಯ್ತಾ ಕೂತಿದ್ದಾರೆ ಎಂದು ನಗುನಗುತ್ತಲೇ ಹೇಳಿದ. ವಾಸ್ತುಶಿಲ್ಪಿ ಪೆನ್ನಿನ ಮುಚ್ಚಳ ತೆಗೆದ. ಆಗ ಅಕ್ಕನ ಮುಖ ಕಣ್ಣ ಮುಂದೆ ಬಂತು. ಬಂದರೂ ಕೈ ನಿಲ್ಲಲಿಲ್ಲ.

ಅಕ್ಕ ಇರುವುದು ಆತ ಮೊಟ್ಟಮೊದಲು ವಿನ್ಯಾಸ ಮಾಡಿದ ಕಟ್ಟಡದಲ್ಲಿ, ಹದಿನೇಳನೇ ಮಹಡಿಯಲ್ಲಿ. ಒಂದಿಂಚು ಜಾಗವೂ ಪೋಲಾಗಿಲ್ಲ ಎಂದು ಆ ಕಾಲದಲ್ಲಿ ಎಲ್ಲರೂ ಬೆನ್ನು ತಟ್ಟಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರನ್ನೆಲ್ಲ ಒಬ್ಬರಿಗೊಬ್ಬರು ಮಾತಾಡಿಸಿದ ಅಕ್ಕನಿಗೆ, ನಿವೃತ್ತಿಯಾದ ಮೇಲೆ ಅಲ್ಲಿ ಒಂದು ನರಪಿಳ್ಳೆಯೂ ಮಾತಿಗೆ ಸಿಗಲಿಲ್ಲ. ಮುಚ್ಚಿದ ಬಾಗಿಲುಗಳನ್ನು ನೋಡಿ ನೋಡಿ ಬೇಸತ್ತು, ಒಂದು ಮಧ್ಯಾಹ್ನ ಅಡುಗೆಮನೆಯ ಸ್ಟೂಲನ್ನು ಎತ್ತಿಕೊಂಡು ಹೋಗಿ ಲಿಫ್ಟಿನಲ್ಲಿ ಹಾಕಿಕೊಂಡು ಕೂತಳು. “ನೀನು ಕಟ್ಟಿದ ಮನೇಲಿ ಜನ ಸಿಗೋದು ಇದೊಂದೇ ಕಡೆ ಕಣೋ. ಅದೂ ಒಂದು ಕಡೆ ನಿಲ್ಲಲ್ಲ,” ಎಂದಿದ್ದಳು. ಆ ಮಾತು ಆತನಿಗೆ ಚುಚ್ಚಿತ್ತು. ಖಾಲಿ ಮಹಡಿಯ ಹುಚ್ಚು ಹಿಡಿದದ್ದೂ ಆಗಲೇ. ಈ ಸಲ ಮಾತ್ರ, “ಜಗಲಿ ಇಲ್ಲ ಅಂದ್ರೆ ನಾನು ಸಹಿ ಹಾಕಲ್ಲ. ನೀನು ಅಲ್ಲಿಗೇ ಬಂದುಬಿಡು,” ಎಂದು ಮಾತು ಕೊಟ್ಟಿದ್ದ. ಅಕ್ಕ ಆಗಲೇ ತನ್ನ ಮನೆ ಮಾರಲು ಓಡಾಡುತ್ತಿದ್ದಳು.

ಸಂಜೆ ಅಕ್ಕನ ಕಟ್ಟಡದ ಲಿಫ್ಟಿನ ಬಾಗಿಲು ತೆರೆದಾಗ ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಕೊರಿಯರಿನವನೊಬ್ಬ ಅವಳಿಗೆ ತನ್ನ ಅತ್ತೆಯ ಕಾಟವನ್ನೆಲ್ಲ ಹೇಳಿ ಮುಗಿಸಿ, ನಗುತ್ತ ಹೊರಗೆ ಹೋದ.

“ಬಾರೋ! ಏನಾಯ್ತು ನಮ್ಮ ಜಗಲಿ?”

“ಹೆಸರು ತುಂಬಾ ಇಷ್ಟ ಆಯ್ತಂತೆ ಅಕ್ಕ. ಇಡೀ ಬಿಲ್ಡಿಂಗಿಗೇ ಇಡ್ತಾರಂತೆ.”

“ಹೆಸರು ಇರ್ಲಿ. ಕೂರೋಕೆ?”

ಆತ ಒಳಗೆ ಬಂದು ಹದಿನೇಳರ ಗುಂಡಿ ಒತ್ತಿದ. ಬಾಗಿಲು ಮುಚ್ಚಿತು.

“ಸಹಿ ಹಾಕಿಬಿಟ್ಯಾ?”

“ಹಾಕಿದೆ.”

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಬೈಯಲಿಲ್ಲ. ಮಂಡಿಗೆ ಕೈಕೊಟ್ಟು ಎದ್ದಳು, ಸ್ಟೂಲನ್ನು ಕಾಲಿನಿಂದ ಆತನ ಕಡೆಗೆ ತಳ್ಳಿದಳು. “ಮುಖ ನೋಡು, ಹೇಗೆ ಬತ್ತಿಹೋಗಿದೆ. ಕೂತ್ಕೋ ಸ್ವಲ್ಪ.” ಮುಗಿಲೆತ್ತರದ ಮನೆಗಳನ್ನು ಕಟ್ಟಿಸಿದ ಮನುಷ್ಯ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕುಸಿದು ಕೂತ. ಲಿಫ್ಟಿನ ಗೋಡೆಗೆ ಒರಗಿದಾಗ ಬೆಳಗಿನಿಂದ ಮೊದಲ ಸಲ ಬೆನ್ನಿಗೆ ಆಸರೆ ಸಿಕ್ಕಿತು. ಕಣ್ಣು ಮುಚ್ಚಿದ.

ಐದನೇ ಮಹಡಿಯಲ್ಲಿ ಯುವಕನೊಬ್ಬ ಹತ್ತಿದ. ಆ ಮಹಡಿಯ ಮನೆಯೊಂದಕ್ಕೆ ಹೊಸದಾಗಿ ಬಂದವನು.

“ಇವನು ನನ್ನ ತಮ್ಮ,” ಎಂದಳು ಅಕ್ಕ. ಇಂಥ ದಿನವೂ ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. “ಈ ಬಿಲ್ಡಿಂಗ್ ಮಾಡಿದ್ದು ಇವನೇ.”

ಯುವಕ ತಲೆಬಾಗಿ ನಮಸ್ಕರಿಸಿದ. ಇಷ್ಟು ದಿನ ಅಕ್ಕನ ಬೆನ್ನು ಮರೆಮಾಡಿದ್ದ ನಿವಾಸಿಗಳ ಸಂಘದ ನೋಟೀಸು, ಸ್ಟೂಲು ಸರಿದದ್ದರಿಂದ, ಈಗ ವಾಸ್ತುಶಿಲ್ಪಿಯ ಪಕ್ಕದ ಗೋಡೆಯ ಮೇಲೆ ಎದ್ದು ಕಾಣುತ್ತಿತ್ತು. ಯುವಕ ಅದನ್ನು ಓದಿದ, ಸ್ಟೂಲನ್ನು ನೋಡಿದ, ಸ್ವಲ್ಪ ಸಂಕೋಚದಿಂದಲೇ ಹೇಳಿದ:

“ಸರ್, ಇಲ್ಲಿ ಕೂರೋ ಹಾಗಿಲ್ಲ.”