ಮರಿಲಿಂಗಮ್ಮನ ನಡಿಗೆ

ಕಚ್ಚೆ ಬಿಗಿದು ಮರಿಲಿಂಗಮ್ಮ ಶಹಾಪುರದ ಓಣಿಯಲ್ಲಿ ಒಂದೇ ಉಸಿರಿಗೆ ಓಡುತ್ತಿದ್ದಳು. ಕಟ್ಟೆಯ ಮೇಲೆ ಕುಳಿತವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಶಾಬಾಸ್ ಮರಿಲಿಂಗವ್ವಾ! ಇನ್ನಾ ಜೋರು ಓಡು!" ಕಿರಾಣಿ ಅಂಗಡಿಯ ವೆಂಕಪ್ಪನ ಕೂಗು ಎಲ್ಲರಿಗಿಂತ ಜೋರಾಗಿತ್ತು.

ಮರಿಲಿಂಗಮ್ಮ ಕಕ್ಕಾಬಿಕ್ಕಿಯಾದಳು. ಸೂಲಗಿತ್ತಿಯಾದ ಅವಳು ಹೊರಟಿದ್ದು ಹೆರಿಗೆ ಮಾಡಿಸಲು. ಅದೂ ಪಕ್ಕದ ಓಣಿಗೆ ಕೊಟ್ಟಿದ್ದ ವೆಂಕಪ್ಪನ ಮಗಳು ಸಾಯಬಮ್ಮನ ಹೆರಿಗೆಗೆ. ಬನ್ನಿ ಎಂದು ಕೈ ಬೀಸಿದಳು. ಅವರೂ ನಗುತ್ತ ಕೈ ಬೀಸಿದರು. ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ದಾರಿಯಲ್ಲಿ ಸೂಲಗಿತ್ತಿ ಮಾತಾಡಿದರೆ ಹೆರಿಗೆ ಕಷ್ಟವಾಗುತ್ತದೆಂದು, ಕಸುಬು ಕಲಿಸಿದ ಮುದುಕಿ ಹುಸೇನಬೀ ಅವಳಿಂದ ಆಣೆ ಹಾಕಿಸಿಕೊಂಡಿದ್ದಳು.

ಮೊದಲೆಲ್ಲ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ರಜಾಕಾರರ ಗಲಾಟೆಯ ದಿನಗಳಲ್ಲಿ ಬೇರೆ ಯಾರು ಓಡಿದರೂ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು; ಸೂಲಗಿತ್ತಿ ಓಡಿದರೆ ಮಾತ್ರ ತೆಗೆಯುತ್ತಿದ್ದರು. ಯಾರ ಮನೆ ಎಂದು ಕೇಳದೆ ಒಬ್ಬಳು ಒಲೆಯ ಮೇಲಿನ ಬಿಸಿನೀರು, ಇನ್ನೊಬ್ಬಳು ಹಳೆ ಸೀರೆ ಹಿಡಿದು ಬೆನ್ನ ಹಿಂದೆ ಬರುವುದು ರೂಢಿ. ಹೈದರಾಬಾದ್ ಸಂಸ್ಥಾನ ಹಿಂದೂಸ್ತಾನದೊಳಗೆ ಸೇರಿದ ಮೇಲೆ ಆಟೋಟಗಳು ಶುರುವಾದವು. ಮರಿಲಿಂಗಮ್ಮ ಯಾದಗಿರಿಯ ಮೈದಾನದಲ್ಲಿ ಓಟಕ್ಕೆ ನಿಂತಳು. ಅವಳು ಕಾಲು ಕಿತ್ತಿದ್ದೇ ತಡ, ನೋಡಲು ಬಂದಿದ್ದ ಓಣಿಯ ಹೆಂಗಸರು ನೀರಿನ ತಂಬಿಗೆ ಹಿಡಿದು ಗೆರೆ ದಾಟಿ ಬೆನ್ನು ಹತ್ತಿದರು! ಯಾರು ಗೆದ್ದರೆಂದು ತಿಳಿಯದೆ ಆಟ ನಡೆಸುತ್ತಿದ್ದ ಸಾಹೇಬರು ಓಟವನ್ನೇ ರದ್ದು ಮಾಡಿದರು. ಮತ್ತೊಮ್ಮೆ ಓಡಿಸುವ ಮೊದಲು ಹುಸೇನಬೀ ಮನೆಮನೆಗೆ ಹೋಗಿ, "ಇಕಿ ಈಗ ಆಟಕ್ಕ ಓಡ್ತಾಳ್ರವ್ವಾ, ಯಾರೂ ಬೆನ್ನ ಹತ್ತಬ್ಯಾಡ್ರಿ" ಎಂದು ಕೈಮುಗಿದಳು. ಮರಿಲಿಂಗಮ್ಮ ಯಾದಗಿರಿಯಲ್ಲಿ ಗೆದ್ದಳು, ಹೈದರಾಬಾದಿಗೂ ಹೋಗಿ ಗೆದ್ದಳು. ಅಷ್ಟು ದೂರ ಹೋಗಿ ಓಡಿದ ಹೆಣ್ಣು ಈ ಸೀಮೆಯಲ್ಲಿ ಅವಳೇ ಮೊದಲು. ಊರು ಚಪ್ಪಾಳೆ ಕಲಿತದ್ದು ಆಗ. ಬಂದ ಮೇಲೆ ಇದೇ ಮೊದಲ ಹೆರಿಗೆ.

ಸಾಯಬಮ್ಮನ ಗಂಡ ಸುರಪುರದ ಸಂತೆಗೆ ಹೋಗಿದ್ದ. ಮನೆಯಲ್ಲಿ ಅವಳ ಬಳಿ ಇದ್ದದ್ದು ಕಣ್ಣು ಮಂಜಾದ ಹುಸೇನಬೀ ಒಬ್ಬಳೇ. ಒಲೆ ತಣ್ಣಗಿತ್ತು.

"ಹೆಣ್ಮಕ್ಕಳು ಎಲ್ಲದಾರ? ಬಿಸಿನೀರು ಎಲ್ಲದ?" ಮುದುಕಿ ಕೇಳಿದಳು.

"ಯಾರೂ ಬರ್ಲಿಲ್ಲ ಖಾಲಾ. ಚಪ್ಪಾಳಿ ಹೊಡದ್ರು."

ಮುದುಕಿ ತಡಕಾಡುತ್ತ ಒಲೆ ಊದಲು ಕುಳಿತಳು. ರಕ್ತ ನಿಲ್ಲಲಿಲ್ಲ, ಮರಿಲಿಂಗಮ್ಮ ತನ್ನ ಸೀರೆಯನ್ನೇ ಹರಿದಳು. ಮಗು ಬಹಳ ಹೊತ್ತು ಅಳಲಿಲ್ಲ. ಅದು ಅಳುವ ಹೊತ್ತಿಗೆ ಮರಿಲಿಂಗಮ್ಮನೂ ಅಳುತ್ತಿದ್ದಳು. ತಾಯಿ ಉಳಿದದ್ದು ಕೂದಲೆಳೆಯಲ್ಲಿ.

ಸುದ್ದಿ ಕೇಳಿ ಬಂದ ವೆಂಕಪ್ಪ ಬಾಗಿಲಲ್ಲೇ ಕುಸಿದು ಕುಳಿತ. "ಮಗಳು ಸಾಯಾಕತ್ತಿದ್ಲು, ನಾ ಚಪ್ಪಾಳಿ ಹೊಡಿಯಾಕತ್ತಿದ್ದೆ" ಎಂದು ತನ್ನ ಅಂಗೈಗಳನ್ನೇ ನೋಡಿಕೊಂಡ.

"ನಾ ಓಡೂದೇ ಬಿಟ್ಟುಬಿಡ್ತೀನಿ ಖಾಲಾ" ಎಂದಳು ಮರಿಲಿಂಗಮ್ಮ.

"ಯಾವ ಓಡೂದು? ಆಟದ್ದೋ, ಹೆರಿಗಿದೋ?"

ಬರುವ ತಿಂಗಳು ದಿಲ್ಲಿಯಲ್ಲಿ ಓಡಲು ಕರೆ ಬಂದಿತ್ತು. ಹೋಗಬೇಕೆಂಬ ಆಸೆ ಬಿಡುತ್ತಿರಲಿಲ್ಲ; ಕೈಗೆ ಮೆತ್ತಿದ್ದ ರಕ್ತ ಇನ್ನೂ ಒಣಗಿರಲಿಲ್ಲ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ಹುಸೇನಬೀ ಮಗುವಿನ ತಲೆ ಸವರಿದಳು. "ಆಟದ್ದು ಬಿಡಬ್ಯಾಡ ಬೇಟಿ. ಹೆರಿಗಿದು ಬಿಡು."

"ಹೆರಿಗಿ ಬಿಡ್ಲೇನು?"

"ಹೆರಿಗಿ ಅಲ್ಲ, ಹುಚ್ಚಿ. ಅದಕ್ಕ ಓಡೂದು ಬಿಡು" ಎಂದ ಮುದುಕಿ ಕೋಲು ಹಿಡಿದು ಮತ್ತೆ ಮನೆಮನೆ ತಿರುಗಲು ಎದ್ದಳು.

ಮುಂದಿನ ವಾರ ಟಾಂಗಾ ಹೊಡೆಯುವ ಖಾಜಾಮಿಯಾನ ಮನೆಯಿಂದ ಹೆರಿಗೆಗೆ ಕರೆ ಬಂತು. ಮರಿಲಿಂಗಮ್ಮ ಓಣಿಗೆ ಇಳಿದಳು. ಕಾಲುಗಳು ಹಾರಲು ನೋಡುತ್ತಿದ್ದವು. ತುಂಬಿದ ಕೊಡ ತಲೆಯ ಮೇಲಿದ್ದವಳಂತೆ ಮೆಲ್ಲಗೆ ಹೆಜ್ಜೆ ಇಟ್ಟಳು. ಇದು ಸರಿಯೋ ತಪ್ಪೋ ಅವಳಿಗೆ ತಿಳಿದಿರಲಿಲ್ಲ.

ತಕ್ಕಡಿ ಹಿಡಿದಿದ್ದ ವೆಂಕಪ್ಪ ತಲೆ ಎತ್ತಿ ನೋಡಿದ. ತಕ್ಕಡಿ ಕೈಜಾರಿತು.

"ಏ, ಬರ್ರಿ ಬರ್ರೀ! ಮರಿಲಿಂಗವ್ವ ನಡಕೊಂತ ಹೊಂಟಾಳ!"

ಬಾಗಿಲುಗಳು ದಡದಡ ತೆರೆದವು. ಹೈದರಾಬಾದಿನಲ್ಲಿ ಯಾರೂ ಹಿಂದೆ ಹಾಕಲಾರದ ಹೆಣ್ಣನ್ನು, ಹಬೆಯಾಡುವ ಬಿಸಿನೀರಿನ ಕೊಡ ಹೊತ್ತ ಓಣಿಯ ಹೆಂಗಸರು ಹಿಂದೆ ಹಾಕಿ ಓಡಿದರು.